ಜೇನಿಗೆ ಸಾಕ್ಷಿ ಹೇಳುವ ಪರಮಾಣು

ಕಳೆದ ಮೇ ತಿಂಗಳಲ್ಲಿ ಊರಿನಿಂದ ಹಾಸ್ಟೆಲ್‌ಗೆ ಹೊರಟಾಗ ದೊಡ್ಡಪ್ಪ ಒಂದು ಬಾಟಲಿ ಜೇನುತುಪ್ಪ ಕೊಟ್ಟು ಕಳಿಸಿದ್ದರು. ನಮ್ಮೂರು ಶಿರಸಿ ಹತ್ತಿರ. ಅಡಿಕೆ ತೋಟದ ಅಂಚಿನಲ್ಲಿ ದೊಡ್ಡಪ್ಪ 14 ಪೆಟ್ಟಿಗೆ ತುಡುವೆ ಜೇನು ಸಾಕಿದ್ದಾರೆ. ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಯಲ್ಲಿ ನಾನು ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಬ್ಯಾಡಗಿ ಕಡೆಯ ನನ್ನ ರೂಮ್‌ಮೇಟ್ ಬೆಂಕಿಪೊಟ್ಟಣ ಹಿಡಿದು ಬಂದಳು. ‘ತಡೀಲೇ, ಖರೇ ಜೇನ ಐತೇನ ನೋಡೂಣು’ ಎಂದು ಕಡ್ಡಿಯ ಮದ್ದಿನ ತುದಿಯನ್ನು ಜೇನಿನಲ್ಲಿ ಅದ್ದಿ ಗೀರಿದಳು. ಹತ್ತಲಿಲ್ಲ. ಇನ್ನೊಂದು ಕಡ್ಡಿ ಗೀರಿದಳು. ಅದೂ ಹತ್ತಲಿಲ್ಲ. ‘ಸಕ್ಕರಿ ಪಾಕ ಐತಿ ಇದು’ ಎಂದು ತೀರ್ಪು ಕೊಟ್ಟೇಬಿಟ್ಟಳು. ಪಕ್ಕದ ಕೋಣೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಬೇಜಾರಾಗಿತ್ತು.

ಯಾಕೆಂದರೆ ಆ ಜೇನನ್ನು ಎರಿಯಿಂದ ತೆಗೆಯುವಾಗ ಯಂತ್ರದ ಹಿಡಿಕೆ ತಿರುಗಿಸಿದವಳು ನಾನೇ. ಕೈಗೆ ಎರಡು ಕಡೆ ಕಚ್ಚಿಸಿಕೊಂಡಿದ್ದೆ ಕೂಡ. ಆದರೂ ಇದು ಜೇನು ಎಂದು ಅವಳ ಮುಂದೆ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ದೊಡ್ಡಪ್ಪನಿಗೆ ಇದು ಪ್ರತಿ ವರ್ಷದ ಕಥೆ. ಪೇಟೆಯ ಅಂಗಡಿಗೆ ಕೊಡಲು ಹೋದರೆ, ‘ಬ್ರಾಂಡಿನದು ಇದಕ್ಕಿಂತ ಕಡಿಮೆಗೆ ಸಿಗ್ತದೆ ಭಟ್ರೆ, ನಿಮ್ಮದು ಅಸಲಿ ಅಂತ ಗಿರಾಕಿಗೆ ಹೆಂಗೆ ಹೇಳಲಿ?’ ಎಂಬ ಪ್ರಶ್ನೆ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಅವರು ಕೇಳುವುದು ಸರಿಯಾದ ಪ್ರಶ್ನೆಯೇ.

ನಮ್ಮ ಮನೆ ಪರೀಕ್ಷೆಗಳೆಲ್ಲ ನಿಮಗೂ ಗೊತ್ತು. ನೀರಿನ ಲೋಟಕ್ಕೆ ಹನಿಸಿದರೆ ಕರಗದೆ ತಳಕ್ಕೆ ಹೋಗಬೇಕು. ಬಟ್ಟೆಗೆ ಹಚ್ಚಿದರೆ ಹೀರಬಾರದು. ನಾಯಿ ಮೂಸಬಾರದು, ಇರುವೆ ಮುತ್ತಬಾರದು (ನಮ್ಮ ಮನೆಯ ಇರುವೆಗಳಿಗೆ ಈ ನಿಯಮ ಯಾರೂ ಹೇಳಿಲ್ಲ). ಇವುಗಳಲ್ಲಿ ಬೆಂಕಿಕಡ್ಡಿ, ಲೋಟ, ಬಟ್ಟೆ ಹೇಳುವುದು ಒಂದೇ ವಿಷಯ: ಜೇನಿನಲ್ಲಿ ನೀರಿನಂಶ ಎಷ್ಟಿದೆ, ಅದು ಎಷ್ಟು ಗಟ್ಟಿ. ಮಲೆನಾಡಿನ ತುಡುವೆ ಜೇನು ಸ್ವಭಾವತಃ ತೆಳು, ನೀರಿನಂಶ ಹೆಚ್ಚು. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಸಕ್ಕರೆ ಸಿರಪ್ಪು ದಪ್ಪ. ಹಾಗಾಗಿ ಅಸಲಿ ಫೇಲು, ನಕಲಿ ಪಾಸು. ಪ್ರಾಮಾಣಿಕನನ್ನೇ ಹಿಡಿದು ಕಳ್ಳ ಎನ್ನುವ ಪರೀಕ್ಷೆಯನ್ನು ನಾವು ಅಜ್ಜಿಯ ಕಾಲದಿಂದ ನಂಬಿಕೊಂಡು ಬಂದಿದ್ದೇವೆ.

ನಿಜವಾದ ಸಾಕ್ಷಿ ಇರುವುದು ಜೇನಿನೊಳಗಿನ ಪರಮಾಣುವಿನಲ್ಲಿ.

ಈ ಮಾತು ಹೇಳಿದರೆ ನಮ್ಮ ಕಡೆ ಜನ ಹಿಂದೆ ಸರಿಯುತ್ತಾರೆ. ಉತ್ತರ ಕನ್ನಡದಲ್ಲಿ ಅಣು ಎಂದರೆ ಕೈಗಾ. ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತದ್ದೇ ಕೈಗಾ ವಿರೋಧಕ್ಕಾಗಿ. ಆ ಚಳವಳಿಯ ಕಥೆ ಕೇಳುತ್ತಲೇ ನಾನು ಬೆಳೆದಿದ್ದೇನೆ, ಅದರ ಬಗ್ಗೆ ಗೌರವವೂ ಇದೆ. ಆದರೆ ಅಣುವಿಜ್ಞಾನ ಎಂದರೆ ರಿಯಾಕ್ಟರ್ ಮತ್ತು ಬಾಂಬ್ ಎರಡೇ ಎಂದುಕೊಂಡರೆ ನಮ್ಮ ರೈತರಿಗೆ ಬರಬಹುದಾದ ಒಂದು ಸಹಾಯವನ್ನು ನಾವೇ ಬಾಗಿಲಲ್ಲಿ ತಡೆದಂತೆ. ನನ್ನ ವಾದ ಇಷ್ಟೇ. ಅದನ್ನು ಜೇನಿನಿಂದಲೇ ಶುರು ಮಾಡುತ್ತೇನೆ.

ಕಾರ್ಬನ್‌ನಲ್ಲಿ ಎರಡು ಸ್ಥಿರ ಐಸೊಟೋಪ್‌ಗಳಿವೆ. ಕಾರ್ಬನ್-12 ಮತ್ತು ಅದಕ್ಕಿಂತ ಒಂದು ನ್ಯೂಟ್ರಾನ್ ಹೆಚ್ಚಿರುವ ಕಾರ್ಬನ್-13. ಎರಡೂ ವಿಕಿರಣಶೀಲ ಅಲ್ಲ. ಪ್ರಕೃತಿಯಲ್ಲಿ ಕಾರ್ಬನ್-13ರ ಪಾಲು ಸುಮಾರು ಶೇ 1.1. ಗಿಡಗಳು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರುವಾಗ ಈ ಭಾರದ ಕಾರ್ಬನ್ನನ್ನು ಒಂದಿಷ್ಟು ಬಿಟ್ಟು ಹಗುರದ್ದನ್ನು ಹೆಚ್ಚು ತೆಗೆದುಕೊಳ್ಳುತ್ತವೆ. ಎಷ್ಟು ಬಿಡುತ್ತವೆ ಎಂಬುದು ದ್ಯುತಿಸಂಶ್ಲೇಷಣೆಯ ವಿಧಾನದ ಮೇಲೆ ನಿಂತಿದೆ. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಸಿ3, ಸಿ4 ಗಿಡಗಳು ನೆನಪಿರಬಹುದು. ಭತ್ತ, ಗೋಧಿ, ಜೇನುನೊಣ ಮಕರಂದ ಹೀರುವ ಬಹುತೇಕ ಕಾಡುಮರಗಳು ಸಿ3. ಕಬ್ಬು, ಮೆಕ್ಕೆಜೋಳ, ಜೋಳ, ರಾಗಿ ಸಿ4. ಸಿ4 ಗಿಡಗಳಲ್ಲಿ ಕಾರ್ಬನ್-13 ಸ್ವಲ್ಪ ಹೆಚ್ಚು. ಅಳತೆಯ ಭಾಷೆಯಲ್ಲಿ ಹೇಳುವುದಾದರೆ ಜೇನು ಸಾವಿರಕ್ಕೆ ಮೈನಸ್ 25ರ ಆಸುಪಾಸು, ಕಬ್ಬಿನ ಸಕ್ಕರೆ ಮೈನಸ್ 11ರ ಆಸುಪಾಸು. ನಾಲಿಗೆಗೆ ಎರಡೂ ಸಿಹಿಯೇ. ಪರಮಾಣುವಿನ ಲೆಕ್ಕದಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ಊರಿನವು.

(ಇದು ನಮ್ಮ ದೇಹಕ್ಕೂ ಅನ್ವಯಿಸುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದ ನನ್ನ ರೂಮ್‌ಮೇಟ್‌ಗೂ ಅನ್ನ ತಿಂದು ಬೆಳೆದ ನನಗೂ ಮೈಯ ಕಾರ್ಬನ್ ಲೆಕ್ಕದಲ್ಲಿ ವ್ಯತ್ಯಾಸ ಇರಬೇಕು. ಪುರಾತತ್ವ ತಜ್ಞರು ಹಳೆಯ ಮೂಳೆ ನೋಡಿ ಆ ಜನ ಏನು ತಿನ್ನುತ್ತಿದ್ದರು ಎಂದು ಹೇಳುವುದು ಹೀಗೆಯೇ.)

ಅಳೆಯುವ ಯಂತ್ರದ ಹೆಸರು ಐಸೊಟೋಪ್ ಅನುಪಾತದ ಮಾಸ್ ಸ್ಪೆಕ್ಟ್ರೋಮೀಟರ್. ಹೆಸರು ಕೇಳಿ ಹೆದರಬೇಡಿ, ಸಿಇಟಿಗೆ ಓದಿದ ಎಲ್ಲರಿಗೂ ಇದರ ಸೂತ್ರ ಬಾಯಿಪಾಠ. ಜೇನಿನ ಒಂದು ಕಣವನ್ನು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡುತ್ತಾರೆ. ಆ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಓಡಿಸಿ ಕಾಂತಕ್ಷೇತ್ರದೊಳಗೆ ಬಿಡುತ್ತಾರೆ. ತ್ರಿಜ್ಯ ಎಂದರೆ ಎಂ.ವಿ. ಭಾಗಿಸು ಕ್ಯು.ಬಿ. ನೆನಪಾಯಿತಲ್ಲ? ಹಗುರ ಅಣು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ ಬಾಗುತ್ತದೆ. 44 ತೂಕದ್ದು ಒಂದು ಬಟ್ಟಲಿಗೆ, 45 ತೂಕದ್ದು ಪಕ್ಕದ ಬಟ್ಟಲಿಗೆ. ಎರಡರ ಅನುಪಾತ ನೋಡಿದರೆ ಆಯಿತು. ಎರಡು ಮಾರ್ಕಿಗಾಗಿ ಉರು ಹೊಡೆದ ಸೂತ್ರ ಯಾರದ್ದೋ ಜೇನಿನ ಮಾನ ಕಾಯುತ್ತದೆ ಎಂದು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ಜೇನಿನ ಪರೀಕ್ಷೆಯಲ್ಲಿ ಇನ್ನೊಂದು ಜಾಣತನ ಇದೆ. ಜೇನಿನಲ್ಲಿ ಅತ್ಯಲ್ಪ ಪ್ರಮಾಣದ ಪ್ರೋಟೀನ್ ಇರುತ್ತದೆ. ಅದು ಪರಾಗದಿಂದ, ನೊಣದ ದೇಹದಿಂದ ಬಂದದ್ದು. ಹೊರಗಿನಿಂದ ಪಾಕ ಸುರಿದರೆ ಸಕ್ಕರೆಯ ಕಾರ್ಬನ್ ಬದಲಾಗುತ್ತದೆ, ಪ್ರೋಟೀನಿನದು ಬದಲಾಗುವುದಿಲ್ಲ. ಎರಡನ್ನೂ ಬೇರೆ ಬೇರೆ ಅಳೆದು ಹೋಲಿಸುತ್ತಾರೆ. ವ್ಯತ್ಯಾಸದಿಂದ ಲೆಕ್ಕ ಹಾಕಿದ ಸಿ4 ಸಕ್ಕರೆ ಶೇ 7 ದಾಟಿದರೆ ಕಲಬೆರಕೆ ಎಂದು ಅರ್ಥ. ಅಂದರೆ ಜೇನಿನ ವಿರುದ್ಧ ಸಾಕ್ಷಿ ಹೇಳುವುದೂ ಜೇನಿನದೇ ಒಂದು ಭಾಗ. ಈ ಅಳತೆಯ ಸೊನ್ನೆಯ ಗುರುತು ಯಾವುದು ಗೊತ್ತೇ? ಅಮೆರಿಕದ ಸೌತ್ ಕೆರೋಲಿನಾದ ಪೀ ಡೀ ಎಂಬಲ್ಲಿ ಸಿಕ್ಕ ಪ್ರಾಚೀನ ಕಡಲಜೀವಿಯ ಪಳೆಯುಳಿಕೆ. ಅದರ ಮಾದರಿ ಖಾಲಿಯಾದ ಮೇಲೆ ಹೋಲಿಕೆಯ ಮಾನಕ ವಸ್ತುಗಳನ್ನು ಜಗತ್ತಿನ ಪ್ರಯೋಗಾಲಯಗಳಿಗೆ ಒದಗಿಸುತ್ತಿರುವುದು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಬಾಂಬ್ ಮಾಡುತ್ತಾರೋ ಎಂದು ದೇಶಗಳನ್ನು ತಪಾಸಣೆ ಮಾಡುವ ಅದೇ ಸಂಸ್ಥೆ.

ರಜೆಯಲ್ಲಿ ಇದನ್ನೆಲ್ಲ ದೊಡ್ಡಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಕವಳ ಹಾಕಿಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: ‘ಮಳೆಗಾಲದಲ್ಲಿ ನಾನು ನೊಣಕ್ಕೆ ಸಕ್ಕರೆ ಪಾಕ ಇಡ್ತೆ ಅಲ್ದಾ? ಹಂಗಾರೆ ಆ ಮಷೀನು ನನ್ನೂ ಕಳ್ಳ ಅಂತದಾ ತಂಗಿ?’

ನನ್ನ ಬಾಯಿ ಕಟ್ಟಿತು. ಮಲೆನಾಡಿನ ಮಳೆಯಲ್ಲಿ ಹೂವಿರುವುದಿಲ್ಲ, ನೊಣ ಹೊರಗೆ ಹೋಗುವುದಿಲ್ಲ. ಪಾಕ ಇಡದಿದ್ದರೆ ಕುಟುಂಬವೇ ಸಾಯುತ್ತದೆ. ಅದು ಕಲಬೆರಕೆ ಅಲ್ಲ, ಸಾಕಣೆ. ಆದರೆ ಆ ಪಾಕ ಎರಿಯಲ್ಲಿ ಉಳಿದು ಬೇಸಿಗೆಯ ಜೇನಿನೊಂದಿಗೆ ಬೆರೆತರೆ ಯಂತ್ರಕ್ಕೆ ಕಾಣುವುದು ಕಬ್ಬು ಮಾತ್ರ, ದೊಡ್ಡಪ್ಪನ ಉದ್ದೇಶ ಕಾಣುವುದಿಲ್ಲ. ಅವರು ಪಾಕ ನಿಲ್ಲಿಸಿ, ಹೂವು ಶುರುವಾದ ಮೇಲೆಯೇ ಸಂಸಾರ ಕೋಣೆಯ ಮೇಲೆ ಜೇನು ಕೋಣೆ ಇಡುತ್ತಾರೆ, ಹಾಗಾಗಿ ಹೆಚ್ಚು ಭಯವಿಲ್ಲ. ಆದರೆ ಇದು ಎಲ್ಲ ಜೇನು ಕೃಷಿಕರಿಗೆ ಗೊತ್ತಿರಬೇಕಾದ ವಿಷಯ. ಯಂತ್ರ ತರುವ ಮೊದಲು ಯಂತ್ರ ಏನನ್ನು ನೋಡುತ್ತದೆ ಎಂದು ಅವರಿಗೆ ಹೇಳಬೇಕು. ಇಲ್ಲದಿದ್ದರೆ ಬೆಂಕಿಕಡ್ಡಿ ಮಾಡಿದ ಅನ್ಯಾಯವನ್ನೇ ಕೋಟಿ ರೂಪಾಯಿಯ ಯಂತ್ರವೂ ಮಾಡುತ್ತದೆ.

ಕಲಬೆರಕೆಯವರು ಸುಮ್ಮನೆ ಕುಳಿತಿಲ್ಲ ಎಂಬುದೂ ನಿಜ. ಸಿ4 ಪರೀಕ್ಷೆ ಕಬ್ಬು, ಮೆಕ್ಕೆಜೋಳದ ಸಿರಪ್ಪನ್ನು ಹಿಡಿಯುತ್ತದೆ. ಅಕ್ಕಿಯಿಂದ, ಬೀಟ್‌ನಿಂದ ಮಾಡಿದ ಸಿರಪ್ ಬೆರೆಸಿದರೆ? ಅವೂ ಸಿ3, ಯಂತ್ರಕ್ಕೆ ಜೇನಿನಂತೆಯೇ ಕಾಣುತ್ತವೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಿಡುಗಡೆ ಮಾಡಿದ ವರದಿ ಇದೇ ಕಥೆ ಹೇಳಿತು. 13 ಬ್ರಾಂಡ್‌ಗಳ ಜೇನನ್ನು ಅವರು ಪರೀಕ್ಷಿಸಿದ್ದರು. ಬಹುತೇಕ ದೊಡ್ಡ ಬ್ರಾಂಡ್‌ಗಳು ಇಲ್ಲಿನ ಸಿ4 ಪರೀಕ್ಷೆ ದಾಟಿದ್ದವು. ಜರ್ಮನಿಯ ಪ್ರಯೋಗಾಲಯದಲ್ಲಿ ಎನ್‌ಎಂಆರ್ ಮಾಡಿಸಿದಾಗ ಪಾಸಾದದ್ದು 3 ಬ್ರಾಂಡ್ ಮಾತ್ರ. ಕಂಪನಿಗಳು ವರದಿಯನ್ನು ಒಪ್ಪಲಿಲ್ಲ, ದೊಡ್ಡ ಜಗಳವೇ ಆಯಿತು.

ಎನ್‌ಎಂಆರ್ ಎಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಪ್ರಬಲ ಅಯಸ್ಕಾಂತದ ನಡುವೆ ಜೇನಿಟ್ಟು ರೇಡಿಯೊ ತರಂಗ ಹಾಯಿಸಿದರೆ ಅದರೊಳಗಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ತಾವು ಯಾವ ಅಣುವಿನಲ್ಲಿ, ಯಾರ ಪಕ್ಕದಲ್ಲಿ ಕುಳಿತಿದ್ದೇವೆ ಎಂದು ಉತ್ತರ ಕೊಡುತ್ತವೆ. ಜೇನಿನ ಬೆರಳಚ್ಚು ಎನ್ನಬಹುದು. ಆಸ್ಪತ್ರೆಯ ಎಂಆರ್‌ಐ ಕೂಡ ಇದೇ ತತ್ವ. ರೋಗಿಗಳು ಬೆಚ್ಚಿಬೀಳುತ್ತಾರೆಂದು ಅಲ್ಲಿ ‘ನ್ಯೂಕ್ಲಿಯರ್’ ಪದವನ್ನು ಕೈಬಿಟ್ಟರು ಎನ್ನುತ್ತಾರೆ. ಪದ ಬಿಟ್ಟದ್ದಕ್ಕೆ ಇವತ್ತು ಎಲ್ಲರೂ ಧೈರ್ಯವಾಗಿ ಅದರೊಳಗೆ ಮಲಗುತ್ತಾರೆ!

ಈ ಕಳ್ಳ–ಪೊಲೀಸ್ ಆಟ ಹೊಸದಲ್ಲ. ವೈನ್ ತಯಾರಿಸುವಾಗ ದ್ರಾಕ್ಷಿರಸಕ್ಕೆ ಬೀಟ್ ಸಕ್ಕರೆ ಸೇರಿಸುವುದನ್ನು ಹಿಡಿಯಲು ಫ್ರಾನ್ಸಿನ ನಾಂತ್ ವಿಶ್ವವಿದ್ಯಾಲಯದ ಜೆರಾರ್ಡ್ ಮಾರ್ಟಿನ್ ಮತ್ತು ತಂಡ 1980ರ ದಶಕದಲ್ಲೇ ಎನ್‌ಎಂಆರ್ ಬಳಸಿದರು. 1990ರಲ್ಲಿ ಯುರೋಪ್ ಅದನ್ನು ಅಧಿಕೃತ ವಿಧಾನ ಎಂದು ಒಪ್ಪಿತು. ವೆನಿಲ್ಲಾದ ಕಥೆ ಇನ್ನೂ ಸ್ವಾರಸ್ಯ. 2003ರ ಆಚೀಚೆ ನಮ್ಮ ಕಡೆ ವೆನಿಲ್ಲಾ ಹುಚ್ಚು ಹಿಡಿದದ್ದು, ಬೆಲೆ ನೆಲಕಚ್ಚಿದ್ದು ಹಿರಿಯರಿಗೆ ನೆನಪಿದೆ. ನಮ್ಮ ತೋಟದಲ್ಲಿ ಇನ್ನೂ ನಾಲ್ಕು ಬಳ್ಳಿ ಅನಾಥವಾಗಿ ನೇತಾಡುತ್ತಿವೆ. ಪೆಟ್ರೋಲಿಯಂನಿಂದ ಮಾಡಿದ ವೆನಿಲಿನ್‌ನಲ್ಲಿ ಕಾರ್ಬನ್-14 ಇರುವುದಿಲ್ಲ. ಅದರ ಅರ್ಧಾಯುಷ್ಯ 5,730 ವರ್ಷ, ಪೆಟ್ರೋಲಿಯಂ ಕೋಟ್ಯಂತರ ವರ್ಷದ್ದು. ಇದು ಗೊತ್ತಾಗಿ ಕಲಬೆರಕೆಯವರು ಮರದ ತಿರುಳಿನ ವೆನಿಲಿನ್‌ಗೆ ಹೋದರು. ಅದು ಸಿ3, ವೆನಿಲ್ಲಾ ಬಳ್ಳಿಯ ಲೆಕ್ಕವೇ ಬೇರೆ, ಸಿಕ್ಕಿಬಿದ್ದರು. ಆಮೇಲೆ ಕಾರ್ಬನ್-13 ಹೆಚ್ಚಿರುವ ವೆನಿಲಿನ್ ತಯಾರಿಸಿ ಬೆರೆಸಿ ಲೆಕ್ಕ ಸರಿದೂಗಿಸಿದರು. ಆ ಕಾರ್ಬನ್ ಅಣುವಿನ ಯಾವ ಮೂಲೆಯಲ್ಲಿದೆ ಎಂದು ಹುಡುಕುವ ವಿಧಾನ ಬಂದು ಮತ್ತೆ ಸಿಕ್ಕಿಬಿದ್ದರು. ಕಲಬೆರಕೆ ಮಾಡುವವರಲ್ಲಿ ಒಳ್ಳೆಯ ಕೆಮಿಸ್ಟ್‌ಗಳಿದ್ದಾರೆ ಎಂಬುದನ್ನು ಒಪ್ಪಬೇಕು. ನಮ್ಮ ಕಡೆಯೂ ಅಷ್ಟೇ ಒಳ್ಳೆಯವರು ಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. 2020ರ ಆಗಸ್ಟ್ 1ರಿಂದ ಅಮೆರಿಕಕ್ಕೆ ರಫ್ತಾಗುವ ಭಾರತದ ಜೇನಿಗೆ ಎನ್‌ಎಂಆರ್ ಪರೀಕ್ಷೆ ಕಡ್ಡಾಯವಾಯಿತು. ನಮ್ಮೂರಿನ ಅಂಗಡಿಯ ಜೇನಿಗೆ ಆ ಕಡ್ಡಾಯ ಬರಲಿಲ್ಲ. ಅಮೆರಿಕದ ಅಜ್ಜಿಗೆ ಬೇಕಾದ ಖಾತರಿ ಶಿರಸಿಯ ಅಜ್ಜಿಗೆ ಬೇಡವೇ? ಪರದೇಶದ ಗಿರಾಕಿ ಕೇಳಿದ, ಕೊಟ್ಟೆವು. ನಮ್ಮವರು ಬೆಂಕಿಕಡ್ಡಿ ಗೀರಿ ಸುಮ್ಮನಾದರು, ನಾವೂ ಸುಮ್ಮನಾದೆವು.

ಹಾಗೆಂದು ಎನ್‌ಎಂಆರ್ ಯಂತ್ರ ತಂದಿಟ್ಟರೆ ಮುಗಿಯುವುದಿಲ್ಲ. ಆ ಬೆರಳಚ್ಚನ್ನು ಹೋಲಿಸಲು ಅಸಲಿ ಜೇನುಗಳ ದಾಖಲೆ ಬೇಕು. ಆಧಾರ್ ನೋಂದಣಿಯೇ ಆಗದ ಮನುಷ್ಯನ ಬೆರಳಚ್ಚು ತೆಗೆದು ಏನು ಉಪಯೋಗ? ಯುರೋಪಿನ ಹೂವಿನ ಜೇನಿನ ದಾಖಲೆ ಇಟ್ಟುಕೊಂಡು ನಮ್ಮ ಮತ್ತಿ, ನೇರಳೆ, ಅಂಟುವಾಳದ ಜೇನನ್ನು ತೂಗಿದರೆ ಅದು ವಿಚಿತ್ರವಾಗಿಯೇ ಕಾಣುತ್ತದೆ. ತುಡುವೆ, ಹೆಜ್ಜೇನು, ಮಿಸ್ರಿ ಮೂರಕ್ಕೂ ಬೇರೆ ಬೇರೆ ದಾಖಲೆ ಬೇಕು. ಕಾಲಕ್ಕೆ ತಕ್ಕ, ಊರಿಗೆ ತಕ್ಕ ಮಾದರಿ ಸಂಗ್ರಹಿಸಬೇಕು. ಗುಜರಾತಿನ ಆನಂದ್‌ನಲ್ಲಿ 2020ರಲ್ಲಿ ದೊಡ್ಡ ಜೇನು ಪರೀಕ್ಷಾ ಪ್ರಯೋಗಾಲಯ ಶುರುವಾಯಿತು, ಬೆಂಗಳೂರಿನ ಐಐಎಚ್‌ಆರ್‌ಗೂ ಒಂದು ಮಂಜೂರಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನಾ ಕೇಂದ್ರವೇ ಇದೆ. ಯಂತ್ರ ನಮಗೆ ದೂರದ ಮಾತಲ್ಲ. ಕಾಡು ಸುತ್ತಿ ಮಾದರಿ ತಂದು, ಹೂವಿನ ಹೆಸರು ಬರೆದು, ದಾಖಲೆ ಕಟ್ಟುವ ಕೈಗಳು ಬೇಕು. ಬಿಎಸ್ಸಿ ಮುಗಿಸಿ ಎಫ್‌ಡಿಎ, ಎಸ್‌ಡಿಎ ಅರ್ಜಿ ತುಂಬುತ್ತಿರುವ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರು ಈ ಕೆಲಸವನ್ನು ಪರದೇಶದ ಯಾವ ಪರಿಣತರಿಗಿಂತಲೂ ಚೆನ್ನಾಗಿ ಮಾಡಬಲ್ಲರು. ಯಾವ ಮರ ಯಾವಾಗ ಹೂ ಬಿಡುತ್ತದೆ ಎಂದು ಅವರಿಗೆ ಗೊತ್ತು.

ಇಲ್ಲಿಗೆ ಬರುವಷ್ಟರಲ್ಲಿ ನನ್ನ ರೂಮ್‌ಮೇಟ್‌ಗೂ ಆಸಕ್ತಿ ಹುಟ್ಟಿತ್ತು. ಅವಳದ್ದು ಮೆಣಸಿನಕಾಯಿ ಬೆಳೆಯುವ ಮನೆ. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಇದೆ. ಖಾರ ಕಡಿಮೆ, ಬಣ್ಣ ಕೆಂಡ. ‘ಟ್ಯಾಗ್ ಐತಿ, ಆದ್ರ ಚೀಲ ನೋಡಿ ಯಾವ ಊರ ಕಾಯಿ ಅಂತ ಯಾರ ಹೇಳತಾರ?’ ಎಂದಳು. ಇದಕ್ಕೂ ಪರಮಾಣುವಿನಲ್ಲಿ ಒಂದು ದಾರಿ ಇದೆ. ಕಡಲಿನಿಂದ ಎದ್ದ ಮೋಡ ಘಟ್ಟ ಹತ್ತುವಾಗ ಭಾರದ ಆಕ್ಸಿಜನ್, ಭಾರದ ಹೈಡ್ರೋಜನ್ ಇರುವ ನೀರು ಮೊದಲು ಸುರಿಯುತ್ತದೆ. ಒಳನಾಡಿಗೆ ಹೋದಂತೆ ಉಳಿದ ಮಳೆ ಸಾಮಾನ್ಯವಾಗಿ ಹಗುರವಾಗುತ್ತದೆ. ಆ ನೀರು ಕುಡಿದ ಬೆಳೆಯಲ್ಲಿ ಆ ಗುರುತು ಉಳಿಯುತ್ತದೆ. ಜಗತ್ತಿನ ಮಳೆಯ ಐಸೊಟೋಪ್ ಲೆಕ್ಕವನ್ನು ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ 1960ರ ದಶಕದ ಆರಂಭದಿಂದ ಬರೆದಿಡುತ್ತಿವೆ. ಮಳೆ ನೀರಿನಲ್ಲಿ ಬೆಳೆದ ಕಾಯಿಗೂ ದೂರದ ಕಾಲುವೆ ನೀರಿನಲ್ಲಿ ಬೆಳೆದ ಅದೇ ತಳಿಯ ಕಾಯಿಗೂ ವ್ಯತ್ಯಾಸ ಕಾಣಬಹುದು. ಕಾಣುತ್ತದೋ ಇಲ್ಲವೋ ಎಂದು ಹೇಳಲು ಮತ್ತೆ ಅದೇ ಬೇಕು: ದಾಖಲೆ. ಜಿಐ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ರೈತನಿಗೆ ಬೆಲೆ ಬರುವುದಿಲ್ಲ.

ಮೆಣಸಿನಕಾಯಿಯ ವಿಷಯ ಬಂದರೆ ಪ್ಯಾಕೆಟ್ಟಿನ ವಿಷಯ ಬಿಡುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಭಾರತದ ಕೆಲವು ಮಸಾಲೆ ಪುಡಿಗಳನ್ನು ತಡೆದದ್ದು ನೆನಪಿರಬಹುದು. ಕಾರಣ ಎಥಿಲೀನ್ ಆಕ್ಸೈಡ್. ಮಸಾಲೆಯಲ್ಲಿನ ಸೂಕ್ಷ್ಮಜೀವಿ ಕೊಲ್ಲಲು ಬಳಸುವ ಅನಿಲ. ಕ್ಯಾನ್ಸರ್‌ಕಾರಕ ಎಂದು ಪಟ್ಟಿಯಾಗಿರುವಂಥದ್ದು. ಅದರ ಶೇಷ ಪುಡಿಯಲ್ಲಿ ಉಳಿಯಬಹುದು. ಇದಕ್ಕೆ ಬದಲಿ ನಮ್ಮಲ್ಲೇ ಇದೆ: ಗಾಮಾ ಕಿರಣ. ನವಿ ಮುಂಬೈನ ವಾಶಿಯಲ್ಲಿ 2000ದಿಂದ ಮಸಾಲೆಗೆ ಈ ಸಂಸ್ಕರಣೆ ನಡೆಯುತ್ತಿದೆ. ನಾಸಿಕ್ ಬಳಿಯ ಲಾಸಲಗಾಂವ್‌ನಲ್ಲಿ ಈರುಳ್ಳಿ ಮೊಳಕೆಯೊಡೆಯದಂತೆ ಮಾಡಲು ಘಟಕವಿದೆ. 2007ರಿಂದ ಅಮೆರಿಕಕ್ಕೆ ಹೋಗುವ ಮಾವಿನಹಣ್ಣು 400 ಗ್ರೇ ಪ್ರಮಾಣದ ವಿಕಿರಣ ಪಡೆದೇ ಹೋಗುತ್ತದೆ. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಇಂಥ ಘಟಕವಿದೆ.

ಇದರ ದೊಡ್ಡ ಲಾಭವೆಂದರೆ ಪ್ಯಾಕ್ ಮಾಡಿ ಸೀಲ್ ಹಾಕಿದ ಮೇಲೆ ಸಂಸ್ಕರಿಸಬಹುದು. ಕಿರಣ ಪ್ಲಾಸ್ಟಿಕ್ ದಾಟಿ ಒಳಗೆ ಹೋಗುತ್ತದೆ, ಒಳಗಿನ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ಯಾರ ಕೈಯೂ ತಾಗುವುದಿಲ್ಲ. ಮಾವಿನ ತಿರುಳು ತುಂಬುವ ದೊಡ್ಡ ಅಸೆಪ್ಟಿಕ್ ಚೀಲಗಳನ್ನೂ ಖಾಲಿ ಇರುವಾಗಲೇ ಗಾಮಾ ಕಿರಣದಲ್ಲಿ ನಿರ್ಜೀವೀಕರಿಸುತ್ತಾರೆ. ಆಹಾರ ಇದರಿಂದ ವಿಕಿರಣಶೀಲ ಆಗುತ್ತದೆಯೇ? ಇಲ್ಲ. ಕೋಬಾಲ್ಟ್-60ರ ಗಾಮಾ ಶಕ್ತಿ 1.17 ಮತ್ತು 1.33 ಎಂಇವಿ. ಆಹಾರದಲ್ಲಿರುವ ನ್ಯೂಕ್ಲಿಯಸ್‌ಗಳನ್ನು ವಿಕಿರಣಶೀಲ ಮಾಡಲು ಅಷ್ಟು ಸಾಲದು. 10 ಕಿಲೋಗ್ರೇವರೆಗೆ ಅಪಾಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ 1980ರಲ್ಲೇ ಹೇಳಿದೆ. ಬಿಸಿಲಲ್ಲಿಟ್ಟ ಹಪ್ಪಳ ಬೆಳಕು ಬೀರುವುದಿಲ್ಲವಲ್ಲ, ಹಾಗೆ.

ಆದರೆ ಎಲ್ಲವೂ ಸಲೀಸು ಎಂದು ನಾನು ಹೇಳಿದರೆ ಅದು ಜಾಹೀರಾತಾಗುತ್ತದೆ. ಕಿರಣ ಪ್ಲಾಸ್ಟಿಕ್ಕನ್ನೂ ಮುಟ್ಟುತ್ತದೆ. ಪ್ಲಾಸ್ಟಿಕ್ ಕೆಡದಿರಲೆಂದು ಸೇರಿಸಿದ ರಾಸಾಯನಿಕಗಳು ಒಡೆದು ಹೊಸ ಸಣ್ಣ ಅಣುಗಳಾಗುತ್ತವೆ, ಅವು ಆಹಾರಕ್ಕೆ ಇಳಿಯಬಹುದು. ಅದಕ್ಕೇ ಯಾವ ಪ್ಲಾಸ್ಟಿಕ್‌ಗೆ ಎಷ್ಟು ಪ್ರಮಾಣ ಎಂಬ ಪಟ್ಟಿ ಬೇಕು, ಪರೀಕ್ಷೆ ಬೇಕು. ಅದೇ ಕಿರಣವನ್ನು ಲೆಕ್ಕ ಹಾಕಿ ಬಳಸಿದರೆ ಪಾಲಿಥೀನ್‌ನ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಹಾಳೆ ಇನ್ನಷ್ಟು ಗಟ್ಟಿಯಾಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್‌ಗೇ ಒಂದು ವಿಭಾಗವಿದೆ. ಪಾಲಿಮರ್ ಓದಿದವರು ಅತ್ತ ಒಮ್ಮೆ ನೋಡಬಹುದು.

ಇನ್ನೊಂದು ಮಾತು. ಗಾಮಾ ಕಿರಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕಳ್ಳತನವನ್ನಲ್ಲ. ಖಾರದ ಪುಡಿಗೆ ಸುಡಾನ್ ಬಣ್ಣ ಬೆರೆಸಿದ್ದರೆ ಅದು ಹಾಗೆಯೇ ಇರುತ್ತದೆ. ಕೀಟನಾಶಕದ ಶೇಷವೂ ಇರುತ್ತದೆ. ಕೊಳಕು ಅಂಗಳದಲ್ಲಿ ಒಣಗಿಸಿ ಆಮೇಲೆ ಕಿರಣ ಹಾಯಿಸಿದರಾಯಿತು ಎನ್ನುವ ವ್ಯಾಪಾರಿಗೆ ಇದು ನೆಪವಾಗಬಾರದು. ಕೋಬಾಲ್ಟ್ ಬಗೆಗಿನ ಜನರ ಭಯ ಪೂರ್ತಿ ಮೂಢನಂಬಿಕೆಯೂ ಅಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ವಿಶ್ವವಿದ್ಯಾಲಯವೊಂದರ ಹಳೆಯ ಕೋಬಾಲ್ಟ್ ಉಪಕರಣ ಗುಜರಿಗೆ ಹೋಗಿ ಒಬ್ಬರು ಸತ್ತರು. ಅದನ್ನು ಮುಚ್ಚಿಟ್ಟು ‘ಅಣು ಸುರಕ್ಷಿತ’ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ನಾನು ಎಲೆಕ್ಟ್ರಾನಿಕ್ಸ್ ಓದುವವಳಾದ್ದರಿಂದ ನನ್ನ ಒಲವು ಎಲೆಕ್ಟ್ರಾನ್ ಬೀಮ್ ಯಂತ್ರಗಳ ಕಡೆಗೆ. ಅವು ಗಾಮಾದಷ್ಟು ಆಳಕ್ಕೆ ಇಳಿಯುವುದಿಲ್ಲ, ದೊಡ್ಡ ಮೂಟೆಗೆ ಆಗದು, ತೆಳು ಪ್ಯಾಕೆಟ್ಟಿಗೆ ಸಾಕು. ಆದರೆ ಅವುಗಳಿಗೆ ಸ್ವಿಚ್ ಇದೆ. ಆರಿಸಿದರೆ ಕಿರಣ ನಿಂತಿತು. 5.27 ವರ್ಷದ ಅರ್ಧಾಯುಷ್ಯದ ಕೋಬಾಲ್ಟ್‌ಗೆ ಸ್ವಿಚ್ ಇಲ್ಲ.

ವಿಕಿರಣದಿಂದ ಸಂಸ್ಕರಿಸಿದ ಆಹಾರದ ಮೇಲೆ ಹಸಿರು ಬಣ್ಣದ, ವೃತ್ತದೊಳಗೆ ಎಲೆಯಂತಿರುವ ‘ರಾಡುರಾ’ ಚಿಹ್ನೆ ಇರಬೇಕು. ಹುಬ್ಬಳ್ಳಿಯ ನಾಲ್ಕು ಅಂಗಡಿಗಳಲ್ಲಿ ನಾನು ಮತ್ತು ರೂಮ್‌ಮೇಟ್ ಮಸಾಲೆ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿದೆವು. ಒಂದರಲ್ಲೂ ಕಾಣಲಿಲ್ಲ. ಒಂದು ಅಂಗಡಿಯವರು ‘ಏನ್ರಿ ಅಕ್ಕಾರ, ಫುಡ್ ಇನ್‌ಸ್ಪೆಕ್ಟರ್ರೇನ್ರಿ?’ ಎಂದು ಕೇಳಿದರು. ಗಿರಾಕಿ ಹೆದರುತ್ತಾನೆಂದು ಕಂಪನಿ ಚಿಹ್ನೆ ಹಾಕುವ ಗೋಜಿಗೆ ಹೋಗುವುದಿಲ್ಲ, ಚಿಹ್ನೆ ಕಾಣದ ಗಿರಾಕಿಗೆ ಹೆದರಿಕೆ ಹೋಗುವುದಿಲ್ಲ ಎಂಬುದು ನನ್ನ ಊಹೆ. ಅನಿಲ ಹಾಯಿಸಿದ ಪ್ಯಾಕೆಟ್ಟಿಗೆ ಮಾತ್ರ ಹೆದರಿಸುವ ಯಾವ ಚಿಹ್ನೆಯೂ ಇಲ್ಲ.

2023ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಣುಶಕ್ತಿ ಸಂಸ್ಥೆ ಸೇರಿ ಆಹಾರಕ್ಕಾಗಿ ಪರಮಾಣು ಎಂಬ ಅರ್ಥದ ‘ಆಟಮ್ಸ್4ಫುಡ್’ ಯೋಜನೆ ಆರಂಭಿಸಿದವು. ಅಂಥ ದೊಡ್ಡ ಯೋಜನೆ ಶಿರಸಿಯವರೆಗೆ ಬರಲು ಎಷ್ಟು ಕಾಲ ಬೇಕೋ. ಸದ್ಯಕ್ಕೆ ನನ್ನ ಬೇಡಿಕೆ ಸಣ್ಣದು. ಜಿಲ್ಲೆಯ ತೋಟಗಾರಿಕೆ ಇಲಾಖೆ ಜೇನು ಪೆಟ್ಟಿಗೆಗೆ ಸಬ್ಸಿಡಿ ಕೊಡುತ್ತದೆ. ಅದರ ಜೊತೆಗೆ ವರ್ಷಕ್ಕೊಂದು ಬಾರಿ ಜೇನು ಸಹಕಾರಿ ಸಂಘಗಳ ಮಾದರಿಗಳನ್ನು ಒಟ್ಟಾಗಿ ಪರೀಕ್ಷೆಗೆ ಕಳಿಸುವ ಖರ್ಚನ್ನೂ ಕೊಡಲಿ. ನಾನು ಒಂದು ಖಾಸಗಿ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿದ್ದೆ. ಒಂದು ಮಾದರಿಯ ಪೂರ್ತಿ ಪರೀಕ್ಷೆಗೆ ಅವರು ಹೇಳಿದ ಶುಲ್ಕ ದೊಡ್ಡಪ್ಪನ ಹತ್ತು ಕಿಲೋ ಜೇನಿನ ಬೆಲೆಗಿಂತ ಹೆಚ್ಚು. ಒಬ್ಬೊಬ್ಬರಿಗೆ ಆಗದ್ದು ಸಂಘಕ್ಕೆ ಆಗುತ್ತದೆ. ಬಾಟಲಿಯ ಮೇಲೆ ಪರೀಕ್ಷೆಯ ಸಂಖ್ಯೆ ಬಂದರೆ ಅಂಗಡಿಯವರ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳುತ್ತೇನೆ ಎಂದು ಗೈಡ್ ಬಳಿ ಹೋದೆ. ‘ಅಷ್ಟು ದೊಡ್ಡ ಮಷೀನ್ ಎಲ್ಲಿಂದ ತರ್ತೀಯಮ್ಮ, ಆರ್ಡುಯಿನೊ ಹಾಕಿ ಹನಿ ನೀರಾವರಿ ಮಾಡು, ಮಾರ್ಕ್ಸ್ ಬರುತ್ತೆ’ ಎಂದರು. ಅವರ ಮಾತಿನಲ್ಲೂ ಹುರುಳಿದೆ. ನಾನು ಮಷೀನ್ ಬಿಟ್ಟು ದಾಖಲೆಯ ಕಡೆಯಿಂದ ಹೊಸ ಪ್ರಸ್ತಾವ ಬರೆಯುತ್ತಿದ್ದೇನೆ. ನಮ್ಮ ಸೀಮೆಯ 30 ಪೆಟ್ಟಿಗೆಗಳಿಂದ ತಿಂಗಳಿಗೊಂದು ಮಾದರಿ, ದಿನಾಂಕ, ಆಗ ಅರಳಿದ್ದ ಹೂವು, ಪಾಕ ಇಟ್ಟ ದಿನ ಇಷ್ಟನ್ನು ಮೊಬೈಲ್‌ನಲ್ಲಿ ನಮೂದಿಸುವ ವ್ಯವಸ್ಥೆ. ಪಾಕ ಇಟ್ಟ ದಿನದ ಕಾಲಂ ದೊಡ್ಡಪ್ಪನ ಸಲಹೆ. ವಿಷಯ ಸಲ್ಲಿಸಲು ಇನ್ನೂ ಮೂರು ವಾರ ಇದೆ. ರೂಮ್‌ಮೇಟ್ ಜೊತೆಗಾರ್ತಿಯಾಗಿ ಸೇರಿದ್ದಾಳೆ, ಮೆಣಸಿನಕಾಯಿಗೂ ಒಂದು ಕಾಲಂ ಇರಲಿ ಎಂಬ ಷರತ್ತಿನ ಮೇಲೆ.